ನೆಲಕ್ಕೆ ಹೆಪ್ಪು

ಫ್ರಿಜ್ಜಿನ ಬಾಗಿಲಲ್ಲಿ, ಆಲಿವ್ ಕಾಯಿಯ ಶೀಸೆಗೂ
ಅಮ್ಮನ ಕಣ್ಣಿನ ಹನಿಮದ್ದಿಗೂ ನಡುವೆ
ಒಂದು ಲೀಟರಿನ ಕಂದು ಕ್ಯಾನು.
ಮೇಲೆ ಲಹ್ಸೆನ್ ದಪ್ಪಕ್ಷರದಲ್ಲಿ ಬರೆದಿದ್ದಾನೆ:
ಕುಡಿಯಬೇಡಿ. ಜೀವ ಇದೆ.

ಇಪ್ಪತ್ತಾರು ವರ್ಷ ನಾನು ನಂಬಿದ್ದು ಬಿಳಿ ಹರಳನ್ನು.
ಚೀಲ ಬಿಚ್ಚಿದರೆ ಆಲಿಕಲ್ಲಿನಂತೆ ಸುರಿಯುವ ನೈಟ್ರೇಟು
ಹನಿಕೊಳವೆಯಲ್ಲಿ ಕರಗಿ ಬೇರಿನ ಬಾಯಿಗೇ ಹೋಗಿ
ಲೆಟ್ಯೂಸು ದುಂಡಗೆ ತಲೆಕಟ್ಟಿ, ಹೇಳಿದ ದಿನಕ್ಕೆ
ಜರ್ಮನಿಯ ಲಾರಿ ಹತ್ತುತ್ತಿತ್ತು.
ಒಂದು ಚೀಲ ಸಾಕೆಂದಲ್ಲಿ ಒಂದೂವರೆ ಹಾಕುತ್ತಿದ್ದೆ.
ಭಯ, ಮತ್ತೇನಿಲ್ಲ.
ಎಲೆ ತುಸು ತಿಳಿಯಾದರೆ ಕೊಳ್ಳುವವನ ಮುಖ ಕಪ್ಪಾಗುತ್ತದೆ.
ಬೇರು ಉಂಡದ್ದು ಬೇರಿಗೆ. ಉಳಿದದ್ದು ಎಲ್ಲಿಗೆ?
ನೀರು ಇಳಿಜಾರಿಗೆ ಹರಿಯುತ್ತದೆ, ಅಷ್ಟು ಗೊತ್ತಿತ್ತು.
ಇಳಿಜಾರಿನ ಕೊನೆಗೆ ಮಾರ್ ಮೆನೋರ್, ನಮ್ಮ ಕಿರುಗಡಲು.
ಅದೂ ಗೊತ್ತಿತ್ತು.

ಆಗಸ್ಟಿನ ಒಂದು ಬೆಳಿಗ್ಗೆ ಕಡಲಿಗೆ ಉಸಿರು ಕಟ್ಟಿತು.
ಹಾವುಮೀನು, ಸೀಗಡಿ, ಬೆರಳುದ್ದದ ಮರಿಗಳು
ದಡಕ್ಕೇ ಬಂದು ಬಾಯಿ ತೆರೆದು ಬಿದ್ದವು,
ಗಾಳಿಯನ್ನು ಕಚ್ಚಿ ತಿನ್ನಲು ಬಂದವರಂತೆ.
ನನ್ನ ತಮ್ಮ ಹಿನೇಸ್, ಬಲೆಗಾರ,
ಒಂದು ಬಕೆಟ್ ತುಂಬ ತಂದು ನನ್ನ ಹೊಸ್ತಿಲಲ್ಲಿಟ್ಟು
ಮಾತಿಲ್ಲದೆ ಹೋದ.
ಉಪ್ಪು ತಿಂದವರು ನೀರು ಕುಡಿಯಬೇಕಂತೆ.
ತಿಂದವಳು ನಾನು.
ಕುಡಿದದ್ದು ಅವನ ಕಡಲು.

ಸಹಕಾರ ಸಂಘದ ಹುಡುಗಿ ಕ್ಯಾನು ಕೊಟ್ಟು ಹೇಳಿದಳು:
ಇದು ಬೇರಿಗೆ ಅಂಟಿಕೊಂಡು ಬದುಕುವ ಜೀವಾಣು,
ಗಾಳಿಯ ಸಾರಜನಕ ಹಿಡಿದು ಗಿಡಕ್ಕೆ ಉಣಿಸುತ್ತದೆ,
ಹೆಸರು ಅಜೋಸ್ಪಿರಿಲಮ್.
ಗಾಳಿಯಿಂದ ನನಗೆ ಪುಕ್ಕಟೆ ಸಿಕ್ಕಿದ್ದು ಧೂಳು ಮಾತ್ರ, ಎಂದೆ.
ಅಂದು ಸಂಜೆ ಕ್ಯಾನನ್ನು ಅನಾಮತ್ತಾಗಿ
ಕ್ಲೋರಿನ್ ಹಾಕಿದ ತೊಟ್ಟಿಗೆ ಸುರಿದೆ.
ಎಂಬತ್ತು ಯೂರೋ, ಕೋಟಿ ಕೋಟಿ ಹೆಣ.

ಲಹ್ಸೆನ್ ತೊಟ್ಟಿ ಮೂಸಿ ತಲೆಯಾಡಿಸಿದ.
ಅವನೂರು ತಾರೂದಾಂತಿನ ಆಚೆ, ಮೇಕೆಗಳ ಗುಡ್ಡ.
“ಕುದಿವ ಹಾಲಿಗೆ ಹೆಪ್ಪು ಹಾಕಿದಿರಲ್ಲ, ಫುಯೆನ್‌ಸಾಂತಾ.
ನನ್ನವ್ವ ಮೊದಲು ಬೆರಳದ್ದಿ ನೋಡುತ್ತಿದ್ದಳು.”

ಎರಡನೆಯ ಕ್ಯಾನಿಗೆ ಬೆರಳದ್ದಿದೆವು.
ಮಳೆನೀರು, ಇಳಿಹೊತ್ತು, ನೆರಳು.
ಸಸಿಯ ತಟ್ಟೆಗಳನ್ನು ಒಂದೊಂದಾಗಿ ಅದ್ದಿ,
ತೊಟ್ಟಿಕ್ಕಿಸಿ, ಆ ರಾತ್ರಿಯೇ ನೆಟ್ಟೆವು.
ಅರ್ಧ ಹೊಲ ಹಳೆಯ ಲೆಕ್ಕಕ್ಕೆ.
ಇನ್ನರ್ಧಕ್ಕೆ ಹೆಪ್ಪು, ಜೊತೆಗೆ ಹರಳು ಮೂರರಲ್ಲೊಂದು ಪಾಲು ಕಡಿತ.
ಪೂರ್ತಿ ಬಿಡುವ ಧೈರ್ಯ ನನಗಿರಲಿಲ್ಲ, ಹುಡುಗಿಯೂ ಬಿಡೆನ್ನಲಿಲ್ಲ.

ಹದಿನೆಂಟನೆಯ ದಿನ ಆ ಅರ್ಧ ನಿಜಕ್ಕೂ ತಿಳಿಹಸಿರು.
ರಾತ್ರಿ ಎದ್ದು ಚೀಲದ ಬಾಯಿ ಬಿಚ್ಚಿ ನಿಂತೆ.
ಮತ್ತೆ ಕಟ್ಟಿದೆ.
ಬೆಳಿಗ್ಗೆ ಒಂದು ಗಿಡ ಕಿತ್ತು ನೋಡಿದರೆ
ಬೇರು ಅಜ್ಜನ ಗಡ್ಡದ ಹಾಗೆ,
ಕೊಡವಿದರೂ ಬಿಡದೆ ಮಣ್ಣನ್ನು ಹಿಡಿದುಕೊಂಡಿತ್ತು.

ಕೊಯ್ಲು ನಾಲ್ಕು ದಿನ ತಡ.
ತಲೆಯೊಂದಕ್ಕೆ ಮೂವತ್ತು ಗ್ರಾಂ ಕಡಿಮೆ.
ಒಂದು ಲಾರಿ ತಪ್ಪಿತು, ಕೊಳ್ಳುವವನು ಗೊಣಗಿದ, ನಾನೂ.
ಉಳಿದ ಚೀಲಗಳ ದುಡ್ಡು ಅದನ್ನು ತುಂಬಿತೇ?
ಬಹುಮಟ್ಟಿಗೆ. ಮುಂದಿನ ಬೆಳೆ ಹೇಳಬೇಕು.

ಆದರೆ ಹೊಲದಲ್ಲಿ ಮೊಣಕಾಲುದ್ದ ಹೂತ ಕೊಳವೆಗಳಿದ್ದವಲ್ಲ,
ಬೇರು ದಾಟಿ ಇಳಿವ ನೀರನ್ನು ಹೀರುವವು:
ಅದರಲ್ಲಿ ಬಣ್ಣಪಟ್ಟಿ ಅದ್ದಿದಾಗ
ಹಳೆಯ ಅರ್ಧ ಬದನೆಕಾಯಿ ಬಣ್ಣ ತಿರುಗಿತು.
ಹೊಸದು ತೆಳುಗುಲಾಬಿ.
ಬೆಳ್ಳಗಲ್ಲ. ಗುಲಾಬಿ.

ಎರಡು ಪಟ್ಟಿಯನ್ನೂ ಒಂದು ತಲೆ ಲೆಟ್ಯೂಸನ್ನೂ ಹಿಡಿದು
ಮೂರು ವರ್ಷದ ಮೇಲೆ ಹಿನೇಸನ ದೋಣಿಮನೆಗೆ ಹೋದೆ.
ಬಲೆ ಹೆಣೆಯುತ್ತಿದ್ದ. ಪಟ್ಟಿಗಳನ್ನು ಬೆಳಕಿಗೆ ಹಿಡಿದು
ತುಂಬ ಹೊತ್ತು ನೋಡಿದ, ಜೇಬಿಗೆ ಹಾಕಿಕೊಂಡ.
ಕಡಲು ಇದರಿಂದ ಎದ್ದು ಕೂರುವುದಿಲ್ಲವೆಂದು
ನಾನು ಹೇಳಬೇಕಿರಲಿಲ್ಲ, ಅವನೂ ಹೇಳಲಿಲ್ಲ.
ಹೊರಗಿನೆಲೆ ಬಿಡಿಸಿ ಎಸೆದ.
ಒಳಗಿನದೊಂದನ್ನು ಮುರಿದು ಬಾಯಿಗಿಟ್ಟು ಅಗಿದ.
ಯಾವ ಅರ್ಧದ್ದೆಂದು ಕೇಳಲಿಲ್ಲ.

“ಅಕ್ಕಾ,” ಎಂದ, ಬಲೆಯಿಂದ ಕಣ್ಣು ತೆಗೆಯದೆ,
“ಆ ಗೂಡಿನಲ್ಲಿ ಉಪ್ಪಿದೆ, ಕೊಡು.
ಒಂದು ಚಿಟಿಕೆ ಸಾಕು.”